ಹಳೆಯ ಕಂಪ್ಯೂಟರಿನಲ್ಲಿ ಧ್ವನಿ ತುಂಡಾಗುತ್ತಿದೆಯೇ? ಮೊದಲು ನಕಲು, ಆಮೇಲೆ ರಿಪೇರಿ

ಕುಂಬಳೆ, ಮಂಜೇಶ್ವರ, ಬದಿಯಡ್ಕ, ಕಾಸರಗೋಡು ಕಡೆಯ ಎಷ್ಟೋ ಮನೆಗಳಲ್ಲಿ ತಾಳಮದ್ದಳೆ, ಯಕ್ಷಗಾನ, ಹರಿಕಥೆ, ಭಜನೆಗಳ ಹಳೆಯ ಕ್ಯಾಸೆಟ್‌ಗಳನ್ನು ಯಾವಾಗಲೋ ಕಂಪ್ಯೂಟರಿಗೆ ಏರಿಸಿ ಇಟ್ಟಿದ್ದಾರೆ. ಆ ಕಂಪ್ಯೂಟರಿಗೂ ಈಗ ಹತ್ತು ಹದಿನೈದು ವರ್ಷ ದಾಟಿರುತ್ತದೆ. ಮಕ್ಕಳು ಊರು ಬಿಟ್ಟ ಮೇಲೆ ಅದು ಮನೆಯ ಹಿರಿಯರಿಗೆ ಹಾಡು, ಅರ್ಥಗಾರಿಕೆ ಕೇಳುವ ಪೆಟ್ಟಿಗೆಯಾಗಿ ಉಳಿದಿದೆ. ಒಂದು ದಿನ ಅದರಲ್ಲಿ ಮಾತು ತಡವರಿಸತೊಡಗುತ್ತದೆ. ಪದ್ಯದ ನಡುವೆ ಟಪ್ ಎಂದು ಸದ್ದು ಬರುತ್ತದೆ, ಒಂದೇ ಅಕ್ಷರ ಮೂರು ನಾಲ್ಕು ಸಲ ಕೇಳುತ್ತದೆ, ಅರ್ಧ ಸೆಕೆಂಡು ಮೌನವಾಗಿ ಮತ್ತೆ ಮುಂದುವರಿಯುತ್ತದೆ.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಎರಡು ತೀರ್ಮಾನಗಳಾಗುತ್ತವೆ. ‘ರೆಕಾರ್ಡಿಂಗೇ ಹಾಳಾಗಿದೆ’ ಎಂದು ಫೈಲ್ ಅಳಿಸುವುದು ಒಂದು. ‘ಕಂಪ್ಯೂಟರ್ ಹಳತಾಯಿತು’ ಎಂದು ಅಂಗಡಿಗೆ ಕೊಟ್ಟು ಫಾರ್ಮ್ಯಾಟ್ ಮಾಡಿಸುವುದು ಅಥವಾ ಗುಜರಿಗೆ ಹಾಕುವುದು ಇನ್ನೊಂದು. ಎರಡರಲ್ಲೂ ಧ್ವನಿಮುದ್ರಣ ಕಳೆದುಹೋಗುವ ಅಪಾಯವಿದೆ. ತಾಳಮದ್ದಳೆಯ ಮಟ್ಟಿಗೆ ಈ ನಷ್ಟ ಸಣ್ಣದಲ್ಲ. ಪ್ರಸಂಗದ ಪದ್ಯ ಪುಸ್ತಕದಲ್ಲಿ ಸಿಗುತ್ತದೆ. ಅರ್ಥಧಾರಿ ಆ ಹೊತ್ತಿಗೆ ಆಡಿದ ಮಾತು ಬಹುಪಾಲು ಎಲ್ಲಿಯೂ ಬರೆದಿಟ್ಟದ್ದಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಕಲಾವಿದರ ಮಾತು ನಮಗೆ ಉಳಿದಿರುವುದು ಮುಖ್ಯವಾಗಿ ಧ್ವನಿಮುದ್ರಣಗಳಲ್ಲಿ. ಖಾಸಗಿ ಮನೆಯಂಗಳದ ಕೂಟವೊಂದರ ರೆಕಾರ್ಡಿಂಗಿಗೆ ಎರಡನೆಯ ಪ್ರತಿ ಎಲ್ಲಿಯೂ ಇರದೆ ಹೋಗಬಹುದು.

ಆದುದರಿಂದ ಈ ಬರಹದಲ್ಲಿ ರಿಪೇರಿಗಿಂತ ಮೊದಲು ನಕಲಿನ ವಿಚಾರ, ಆಮೇಲೆ ದೋಷ ಎಲ್ಲಿದೆ ಎಂದು ಕಂಡುಕೊಳ್ಳುವ ಕ್ರಮ, ಕೊನೆಗೆ ಒಂದೊಂದಕ್ಕೂ ಪರಿಹಾರ ಕೊಟ್ಟಿದೆ. ಹೆಚ್ಚಿನವು ಖರ್ಚಿಲ್ಲದೆ ಮನೆಯಲ್ಲೇ ಮಾಡಬಹುದಾದವು.

ಧ್ವನಿ ತುಂಡಾಗುವುದೆಂದರೆ ಏನು?

ಸಿಡಿ ಗುಣಮಟ್ಟದ ಧ್ವನಿಯಲ್ಲಿ ಒಂದು ಸೆಕೆಂಡಿಗೆ 44,100 ಮಾದರಿಗಳಿರುತ್ತವೆ. ಸ್ಟೀರಿಯೋ ಆದರೆ ಎಡಗಿವಿಗೆ ಅಷ್ಟು, ಬಲಗಿವಿಗೆ ಅಷ್ಟು. ಇವು ಒಂದೂ ತಪ್ಪದೆ, ಹೊತ್ತಿಗೆ ಸರಿಯಾಗಿ ಸೌಂಡ್ ಕಾರ್ಡಿಗೆ ತಲುಪಬೇಕು. ಕಂಪ್ಯೂಟರ್ ನಡುವೆ ಬೇರೆ ಕೆಲಸಗಳನ್ನೂ ಮಾಡಬೇಕಾದ್ದರಿಂದ ಧ್ವನಿಯನ್ನು ಸ್ವಲ್ಪ ಮುಂಚಿತವಾಗಿ ‘ಬಫರ್’ ಎಂಬ ತಾತ್ಕಾಲಿಕ ಜಾಗದಲ್ಲಿ ತುಂಬಿಸಿಡುತ್ತದೆ. ಸೌಂಡ್ ಕಾರ್ಡ್ ಅಲ್ಲಿಂದ ಎಳೆದುಕೊಳ್ಳುತ್ತದೆ.

ಇದು ಅಡಿಕೆ ತೋಟದ ನೀರಿನ ಟ್ಯಾಂಕಿಯ ಹಾಗೆ. ಪಂಪು ನಡುನಡುವೆ ನಿಂತರೂ ಟ್ಯಾಂಕಿಯಲ್ಲಿ ನೀರಿರುವ ತನಕ ಸ್ಪ್ರಿಂಕ್ಲರ್ ತಿರುಗುತ್ತದೆ. ಟ್ಯಾಂಕಿ ಬರಿದಾದರೆ ಮಾತ್ರ ನಿಲ್ಲುತ್ತದೆ. ಬಫರ್ ಬರಿದಾದ ಕ್ಷಣವೇ ನಮಗೆ ಕೇಳುವ ‘ಟಪ್’ ಸದ್ದು, ಮೌನ ಅಥವಾ ತೊದಲು. ಬಫರಿನಲ್ಲಿರುವುದು ಕೆಲವೊಮ್ಮೆ ಸೆಕೆಂಡಿನ ನೂರನೇ ಒಂದು ಪಾಲಿನಷ್ಟು ಧ್ವನಿ ಮಾತ್ರ. ಹಾಗಾಗಿ ಕಂಪ್ಯೂಟರ್ ಬೇರೆ ಕೆಲಸಗಳಲ್ಲಿ ಸರಿಯಾಗಿಯೇ ಇರುವಂತೆ ಕಂಡರೂ ಧ್ವನಿಯಲ್ಲಿ ಮಾತ್ರ ತೊಂದರೆ ಕಾಣಿಸಬಹುದು.

ಅಂದರೆ ಕೇಳಬೇಕಾದ ಪ್ರಶ್ನೆ ಒಂದೇ: ತಡ ಮಾಡುತ್ತಿರುವವರು ಯಾರು? ಹಾರ್ಡ್ ಡಿಸ್ಕ್, ಮೆಮೊರಿ, ಪ್ರೊಸೆಸರ್, ಯಾವುದೋ ಡ್ರೈವರ್, ಇಂಟರ್ನೆಟ್, ಬ್ಲೂಟೂತ್, ಇಷ್ಟರಲ್ಲಿ ಒಬ್ಬರು. ತಡ ಎಲ್ಲಿಯೂ ಇಲ್ಲವಾದರೆ ವೈರು ಸಡಿಲವಾಗಿರಬೇಕು ಅಥವಾ ರೆಕಾರ್ಡಿಂಗಿನಲ್ಲೇ ಆ ತುಂಡು ಇಲ್ಲದಿರಬೇಕು.

ಮೊದಲ ಕೆಲಸ: ನಕಲು

ಹಾರ್ಡ್ ಡಿಸ್ಕ್ ಕೆಡುವ ಮೊದಲು ಕೊಡುವ ಸೂಚನೆಗಳಲ್ಲಿ ಧ್ವನಿ ತುಂಡಾಗುವುದೂ ಒಂದು. ಡಿಸ್ಕಿನ ಒಂದು ಜಾಗ ದುರ್ಬಲವಾದಾಗ ಅದು ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಯತ್ನಿಸುತ್ತದೆ. ಅಷ್ಟರಲ್ಲಿ ಬಫರ್ ಬರಿದಾಗುತ್ತದೆ. ಇಂಥ ಡಿಸ್ಕ್ ಇನ್ನೂ ಒಂದು ವರ್ಷ ನಡೆಯಬಹುದು, ನಾಳೆಯೇ ನಿಲ್ಲಲೂಬಹುದು. ಕಾರಣ ಡಿಸ್ಕೇ ಎಂದು ಖಚಿತವಾಗುವ ತನಕ ಕಾಯಬೇಡಿ.

ಎಷ್ಟು ಜಾಗ ಬೇಕು ಎಂಬ ಅಂದಾಜು ಹೀಗಿದೆ. 90 ನಿಮಿಷದ ಒಂದು ಕ್ಯಾಸೆಟ್ ಸಿಡಿ ಗುಣಮಟ್ಟದ ವೇವ್ ಫೈಲಾಗಿದ್ದರೆ ಸುಮಾರು 950 ಎಂಬಿ. ಅದೇ ಕ್ಯಾಸೆಟ್ 128 ಕೆಬಿಪಿಎಸ್ ಎಂಪಿ3 ಆಗಿದ್ದರೆ ಸುಮಾರು 86 ಎಂಬಿ. ಅಂದರೆ ನೂರು ಕ್ಯಾಸೆಟ್‌ಗಳ ಎಂಪಿ3 ಒಟ್ಟು ಒಂಬತ್ತು ಜಿಬಿಯೊಳಗೆ ಮುಗಿಯುತ್ತದೆ, 16 ಜಿಬಿಯ ಪೆನ್‌ಡ್ರೈವ್ ಸಾಕು. ವೇವ್ ಆದರೆ ನೂರು ಜಿಬಿಯ ಹತ್ತಿರ ಹೋಗುತ್ತದೆ, ಹೊರಗಿನ ಹಾರ್ಡ್ ಡಿಸ್ಕ್ ಬೇಕು.

ನಕಲು ಮಾಡುವಾಗ ಗಮನಿಸಬೇಕಾದವು:

• ಬೇರೆಲ್ಲೂ ಇಲ್ಲದ ಫೈಲುಗಳನ್ನು ಮೊದಲು ತೆಗೆಯಿರಿ. ಸಿನಿಮಾ ಹಾಡು ಎಲ್ಲಿಯಾದರೂ ಸಿಗುತ್ತದೆ, ಮನೆಯ ರೆಕಾರ್ಡಿಂಗ್ ಸಿಗುವುದಿಲ್ಲ.
• ಒಂದು ಫೈಲಿನಲ್ಲಿ ನಕಲು ನಿಂತುಬಿಟ್ಟರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಹಠ ಹಿಡಿದ ಫೈಲುಗಳನ್ನು ಕೊನೆಗೆ ನೋಡಿ.
• ನಕಲು ಮುಗಿಯುವ ಮೊದಲು ಡಿಫ್ರಾಗ್, ಡಿಸ್ಕ್ ಚೆಕ್ ಇತ್ಯಾದಿ ಮಾಡಬೇಡಿ. ಕೆಡುತ್ತಿರುವ ಡಿಸ್ಕಿಗೆ ಅವು ದುಡಿಮೆ ಹೆಚ್ಚಿಸುತ್ತವೆ.
• ನಕಲಾದ ಫೈಲಿನ ಗಾತ್ರ ಮೂಲದಷ್ಟೇ ಇದೆಯೇ ನೋಡಿ. ಬೇರೆ ಉಪಕರಣದಲ್ಲಿ ಹಾಕಿ ಆರಂಭ, ನಡು, ಕೊನೆ ಕೇಳಿ.
• ಇಡೀ ರಾತ್ರಿಯ ಆಟವೊಂದರ ಫೈಲು 4 ಜಿಬಿ ದಾಟಿದ್ದರೆ ಫ್ಯಾಟ್32 ಮಾದರಿಯ ಪೆನ್‌ಡ್ರೈವ್ ಅದನ್ನು ತೆಗೆದುಕೊಳ್ಳುವುದಿಲ್ಲ. ಖಾಲಿ ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಮಾದರಿಗೆ ಬದಲಿಸಿಕೊಂಡರೆ ಆಗುತ್ತದೆ.
• ಎರಡು ನಕಲು ಇರಲಿ. ಒಂದು ಬೇರೆ ಮನೆಯಲ್ಲಿರಲಿ. ಪೆನ್‌ಡ್ರೈವ್ ಸಾಗಿಸಲು ಒಳ್ಳೆಯದು, ವರ್ಷಗಟ್ಟಲೆ ಇಡಲು ಅದೊಂದನ್ನೇ ನಂಬಬಾರದು.

ದೋಷ ಎಲ್ಲಿದೆ? ಐದು ಪರೀಕ್ಷೆಗಳು

ನಕಲು ಕೈಗೆ ಬಂದ ಮೇಲೆ ಅವಸರವಿಲ್ಲ. ಕೆಳಗಿನ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ, ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

1. ಅದೇ ಫೈಲನ್ನು ಮೊಬೈಲಿನಲ್ಲಿ ಕೇಳಿ. ಮೊಬೈಲಿನಲ್ಲಿ ಸರಿಯಾಗಿದ್ದರೆ ರೆಕಾರ್ಡಿಂಗ್ ಚೆನ್ನಾಗಿದೆ, ತೊಂದರೆ ಕಂಪ್ಯೂಟರಿನದು. ಮೊಬೈಲಿನಲ್ಲೂ ಅದೇ ಜಾಗದಲ್ಲಿ ತುಂಡಾದರೆ ದೋಷ ಫೈಲಿನಲ್ಲೇ ಇದೆ.

2. ಒಂದೇ ಜಾಗದಲ್ಲಿ ತುಂಡಾಗುತ್ತದೆಯೇ? ಅದೇ ಐದು ನಿಮಿಷವನ್ನು ಕಂಪ್ಯೂಟರಿನಲ್ಲಿ ಮೂರು ಸಲ ಹಾಕಿ. ಪ್ರತಿಸಲವೂ ಅದೇ ಮಾತಿನಲ್ಲಿ ನಿಂತು, ಮೊಬೈಲಿನಲ್ಲಿ ಸರಿಯಾಗಿದ್ದರೆ ಹಾರ್ಡ್ ಡಿಸ್ಕಿನ ಮೇಲೆ ಸಂಶಯ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಮೆಮೊರಿ, ಪ್ರೊಸೆಸರ್ ಅಥವಾ ಡ್ರೈವರ್.

3. ಇಯರ್‌ಫೋನ್ ಹಾಕಿ ಕೇಳಿ. ಸ್ಪೀಕರಿನಲ್ಲಿ ಮಾತ್ರ ತುಂಡಾಗಿ ಇಯರ್‌ಫೋನಿನಲ್ಲಿ ಸರಿಯಾದರೆ ಸ್ಪೀಕರು, ಅದರ ವೈರು ಅಥವಾ ಬ್ಲೂಟೂತ್ ಕಾರಣ. ಪಿನ್ ತಿರುಗಿಸಿದಾಗ ಕರಕರ ಸದ್ದು ಬಂದರೆ ಪಿನ್ ಹೊಲಸಾಗಿದೆ ಅಥವಾ ಸಾಕೆಟ್ ಸಡಿಲವಾಗಿದೆ.

4. ವೈಫೈ ಆರಿಸಿ ಕೇಳಿ. ಕಂಪ್ಯೂಟರಿನಲ್ಲೇ ಇರುವ ಫೈಲಿಗೆ ಇಂಟರ್ನೆಟ್ ಬೇಕಿಲ್ಲ. ವೈಫೈ ಆರಿಸಿದ ಕೂಡಲೇ ಧ್ವನಿ ಸರಿಯಾದರೆ ವೈಫೈ ಡ್ರೈವರ್, ಇಲ್ಲವೇ ಹಿನ್ನೆಲೆಯಲ್ಲಿ ನಡೆಯುತ್ತಿದ್ದ ಅಪ್‌ಡೇಟ್ ಕಾರಣವಿರಬೇಕು.

5. ಆರಂಭದಲ್ಲಿ ಹೇಗೆ, ಅರ್ಧ ಗಂಟೆಯ ಮೇಲೆ ಹೇಗೆ? ಕಂಪ್ಯೂಟರ್ ಹಾಕಿದ ಮೊದಲ ಐದು ಹತ್ತು ನಿಮಿಷ ಮಾತ್ರ ತೊಂದರೆಯಿದ್ದು ಆಮೇಲೆ ಸರಿಹೋದರೆ ಆರಂಭದಲ್ಲಿ ಓಡುವ ಪ್ರೋಗ್ರಾಂಗಳು ಕಾರಣ. ಮೊದಲು ಸರಿಯಿದ್ದು ಅರ್ಧ ಗಂಟೆಯ ಮೇಲೆ ಕೆಡುವುದಾದರೆ ಶಾಖ ಕಾರಣ.

ಈ ಐದರಲ್ಲಿ ಸಿಕ್ಕ ಉತ್ತರಕ್ಕೆ ಹೊಂದುವ ಭಾಗವನ್ನು ಮಾತ್ರ ಕೆಳಗೆ ಓದಿದರೆ ಸಾಕು.

ಹಾರ್ಡ್ ಡಿಸ್ಕ್ ಕಾರಣವಾದರೆ

ಡಿಸ್ಕಿನ ಆರೋಗ್ಯ ನೋಡಲು ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ ಎಂಬ ಉಚಿತ ಪ್ರೋಗ್ರಾಂ ಇದೆ. ಡಿಸ್ಕು ತನ್ನ ಬಗ್ಗೆ ತಾನೇ ಬರೆದುಕೊಳ್ಳುವ ಲೆಕ್ಕವನ್ನು ಅದು ಓದಿ ತೋರಿಸುತ್ತದೆ. ‘ಗುಡ್’ ಎಂದು ನೀಲಿ ಬಣ್ಣದಲ್ಲಿ ಬಂದರೆ ಸದ್ಯಕ್ಕೆ ತೊಂದರೆ ಕಾಣುತ್ತಿಲ್ಲ. ‘ಕಾಷನ್’ ಎಂದು ಹಳದಿಯಲ್ಲೋ ‘ಬ್ಯಾಡ್’ ಎಂದು ಕೆಂಪಿನಲ್ಲೋ ಬಂದರೆ ಆ ಡಿಸ್ಕನ್ನು ಇನ್ನು ನಂಬುವಂತಿಲ್ಲ. ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಕೇಳುತ್ತಿದ್ದರೆ ಪರೀಕ್ಷೆ ಮಾಡುತ್ತ ಕೂರುವುದೂ ಬೇಡ. ನಕಲಾಗದೆ ಉಳಿದದ್ದಿದ್ದರೆ ಅದಕ್ಕಷ್ಟೇ ಹಾಕಿ, ಉಳಿದಂತೆ ಆರಿಸಿಡಿ.

ಇಲ್ಲಿ ಪರಿಹಾರವೆಂದರೆ ಡಿಸ್ಕ್ ಬದಲಿಸುವುದು. ಹಳೆಯ ತಿರುಗುವ ಡಿಸ್ಕಿನ ಜಾಗಕ್ಕೆ ಸಾಟಾ ಮಾದರಿಯ ಎಸ್‌ಎಸ್‌ಡಿ ಹಾಕಿಸಬಹುದು. ಹದಿನೈದು ವರ್ಷದೊಳಗಿನ ಹೆಚ್ಚಿನ ಕಂಪ್ಯೂಟರುಗಳಿಗೆ ಅದು ಹೊಂದುತ್ತದೆ. ಹೊಸ ಕಂಪ್ಯೂಟರಿನ ಬೆಲೆಯ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತದೆ, ಯಂತ್ರ ಕಣ್ಣಿಗೆ ಕಾಣುವಷ್ಟು ಚುರುಕಾಗುತ್ತದೆ. ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಕೇಳಿ ಮನೆಗೆ ತನ್ನಿ.

ವಿಂಡೋಸ್ ಎಕ್ಸ್‌ಪಿ ಇರುವ ತೀರಾ ಹಳೆಯ ಯಂತ್ರಗಳಲ್ಲಿ ಇನ್ನೊಂದು ವಿಶೇಷ ಕಾರಣವಿದೆ. ಅಗಲ ಪಟ್ಟಿಯಂಥ ಕೇಬಲಿನ ಐಡಿಇ ಡಿಸ್ಕಿನಲ್ಲಿ ಓದುವ ತಪ್ಪು ಆರು ಸಲ ಆದರೆ ಎಕ್ಸ್‌ಪಿ ತಾನಾಗಿ ‘ಡಿಎಂಎ’ ಎಂಬ ವೇಗದ ಕ್ರಮವನ್ನು ಬಿಟ್ಟು ‘ಪಿಐಒ’ ಎಂಬ ನಿಧಾನದ ಕ್ರಮಕ್ಕೆ ಇಳಿಯುತ್ತದೆ. ಆಗ ಡಿಸ್ಕಿನಿಂದ ಬರುವ ಪ್ರತಿಯೊಂದನ್ನೂ ಪ್ರೊಸೆಸರೇ ಹೊರಬೇಕಾಗುತ್ತದೆ, ಹಾಡು ಹಾಕಿದ ಕೂಡಲೇ ಯಂತ್ರ ಏದುಸಿರು ಬಿಡುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಐಡಿಇ ಕಂಟ್ರೋಲರಿನ ಕೆಳಗೆ ಪ್ರೈಮರಿ ಚಾನೆಲಿನ ಅಡ್ವಾನ್ಸ್ಡ್ ಪುಟ ತೆರೆದರೆ ಯಾವ ಕ್ರಮ ನಡೆಯುತ್ತಿದೆ ಎಂದು ಕಾಣುತ್ತದೆ. ಪಿಐಒ ಇದ್ದರೆ ಆ ಚಾನೆಲನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರನ್ನು ಆರಿಸಿ ಹಾಕಿ. ವಿಂಡೋಸ್ ಅದನ್ನು ಹೊಸದಾಗಿ ಗುರುತಿಸಿ ವೇಗದ ಕ್ರಮಕ್ಕೆ ಮರಳುತ್ತದೆ. ಕೆಲವು ದಿನಗಳಲ್ಲಿ ಮತ್ತೆ ಪಿಐಒಗೆ ಬಂದರೆ ಕೇಬಲ್ ಅಥವಾ ಡಿಸ್ಕ್ ಕೆಡುತ್ತಿದೆ ಎಂದರ್ಥ.

ಮೆಮೊರಿ ಮತ್ತು ಪ್ರೊಸೆಸರ್ ಕಾರಣವಾದರೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಹಾಡು ಓಡುತ್ತಿರುವಾಗಲೇ ಅದನ್ನು ನೋಡಿ. ಎಂಪಿ3 ಒಂದನ್ನು ನುಡಿಸಲು ಹಳೆಯ ಪ್ರೊಸೆಸರಿಗೂ ಹೆಚ್ಚು ಶ್ರಮವಿಲ್ಲ. ಹಾಗಿದ್ದೂ ಸಿಪಿಯು ನೂರರ ಹತ್ತಿರ ನಿಂತಿದ್ದರೆ ಅದರ ಕೆಳಗಿನ ಪಟ್ಟಿಯಲ್ಲಿ ಮೇಲಿರುವ ಪ್ರೋಗ್ರಾಂ ಯಾವುದೆಂದು ನೋಡಿ. ಸಾಮಾನ್ಯವಾಗಿ ಅದು ಆಂಟಿವೈರಸ್, ವಿಂಡೋಸ್ ಅಪ್‌ಡೇಟ್ ಅಥವಾ ಬ್ರೌಸರ್ ಆಗಿರುತ್ತದೆ.

2 ಜಿಬಿ ಮೆಮೊರಿಯ ಯಂತ್ರದಲ್ಲಿ ಬ್ರೌಸರಿನ ನಾಲ್ಕೈದು ಪುಟ ತೆರೆದಿಟ್ಟರೆ ಮೆಮೊರಿ ತುಂಬಿಹೋಗುತ್ತದೆ. ಆಗ ವಿಂಡೋಸ್ ಉಳಿದದ್ದನ್ನು ಹಾರ್ಡ್ ಡಿಸ್ಕಿನಲ್ಲಿ ಇಟ್ಟು ತೆಗೆದು ಮಾಡುತ್ತದೆ. ಡಿಸ್ಕಿನ ದೀಪ ಬಿಡದೆ ಮಿನುಗುತ್ತದೆ, ಧ್ವನಿ ತೊದಲುತ್ತದೆ. ಮಾಡಬೇಕಾದದ್ದು ಇಷ್ಟು:

• ಕೇಳುವಾಗ ಬ್ರೌಸರ್ ಮುಚ್ಚಿ.
• ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ಪೂರ್ತಿ ಸ್ಕ್ಯಾನ್ ಮಾಡುವ ಹೊತ್ತನ್ನು ನೀವು ಕೇಳದ ಹೊತ್ತಿಗೆ ಇಡಿ.
• ಆರಂಭದಲ್ಲಿ ತಾನಾಗಿ ಓಡುವ ಪ್ರೋಗ್ರಾಂಗಳಲ್ಲಿ ಬೇಡದವನ್ನು ನಿಲ್ಲಿಸಿ. ವಿಂಡೋಸ್ 10ರಲ್ಲಿ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದಲ್ಲೇ ಇದು ಸಾಧ್ಯ.
• ಪವರ್ ಆಪ್ಷನ್ಸಿನಲ್ಲಿ ‘ಪವರ್ ಸೇವರ್’ ಇದ್ದರೆ ‘ಬ್ಯಾಲೆನ್ಸ್ಡ್’ ಅಥವಾ ‘ಹೈ ಪರ್ಫಾರ್ಮೆನ್ಸ್’ ಮಾಡಿ.
• ಸಾಧ್ಯವಿದ್ದರೆ ಇನ್ನೊಂದು ಮೆಮೊರಿ ಪಟ್ಟಿ ಹಾಕಿಸಿ. ಹಳೆಯ ಮಾದರಿಯವು ಬಳಸಿದ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ.

ಲ್ಯಾಪ್‌ಟಾಪಿನವರಿಗೆ ಒಂದು ಮಾತು. ಕೆಲವು ಮಾದರಿಗಳು ತಮ್ಮದಲ್ಲದ ಚಾರ್ಜರ್ ಸಿಕ್ಕಿಸಿದಾಗ ಅದನ್ನು ಗುರುತಿಸದೆ ಪ್ರೊಸೆಸರಿನ ವೇಗವನ್ನು ತಾವಾಗಿ ತಗ್ಗಿಸಿಕೊಳ್ಳುತ್ತವೆ. ಚಾರ್ಜರ್ ಬದಲಿಸಿದ ಮೇಲೆ ತೊಂದರೆ ಶುರುವಾಗಿದ್ದರೆ, ಸರಿಯಾದ ಚಾರ್ಜರ್ ಎಲ್ಲಿಂದಾದರೂ ಒಂದು ಗಂಟೆಗೆ ತಂದು ಪರೀಕ್ಷಿಸಿ.

ಶಾಖ ಕಾರಣವಾದರೆ

ಪ್ರೊಸೆಸರ್ ಮಿತಿ ಮೀರಿ ಬಿಸಿಯಾದರೆ ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಫ್ಯಾನಿನಲ್ಲಿ ಧೂಳು ಕಟ್ಟಿದ್ದರೆ ಅರ್ಧ ಗಂಟೆಯಲ್ಲಿ ಈ ಸ್ಥಿತಿ ಬರುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ತೇವ. ಎರಡೂ ಸೇರಿ ಫ್ಯಾನಿನ ಕೆಳಗಿನ ಲೋಹದ ಹಲ್ಲುಗಳ ಸಂದಿಯಲ್ಲಿ ಕಂಬಳಿಯಂತೆ ಮೆತ್ತಿಕೊಳ್ಳುತ್ತದೆ. ಬಹಳ ಕಾಲ ಬಳಸದೆ ಇಟ್ಟ ಸಿಪಿಯು ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟಿರುವುದೂ ಉಂಟು.

ಪ್ಲಗ್ ತೆಗೆದು, ಪೆಟ್ಟಿಗೆಯ ಪಕ್ಕದ ಮುಚ್ಚಳ ಬಿಚ್ಚಿ, ಮೃದುವಾದ ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ. ಗಾಳಿ ಊದುವ ಯಂತ್ರ ಬಳಸುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಒದ್ದೆ ಬಟ್ಟೆ ಬೇಡ. ಕರೆಂಟು ಒಳಬರುವ ಪವರ್ ಸಪ್ಲೈ ಪೆಟ್ಟಿಗೆಯನ್ನು ಬಿಚ್ಚಲೇಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ವಿದ್ಯುತ್ ಉಳಿದಿರುತ್ತದೆ. ಧೂಳು ತೆಗೆದ ಮೇಲೂ ಬಿಸಿ ಇಳಿಯದಿದ್ದರೆ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿರಬಹುದು. ಅದನ್ನು ಹೊಸದಾಗಿ ಹಚ್ಚಿಸುವುದು ಅಂಗಡಿಯ ಸಣ್ಣ ಕೆಲಸ.

ಡ್ರೈವರ್ ಮತ್ತು ಧ್ವನಿಯ ಸೆಟ್ಟಿಂಗ್

ಸಿಪಿಯು, ಮೆಮೊರಿ, ಡಿಸ್ಕ್ ಮೂರೂ ಆರಾಮವಾಗಿದ್ದು ಧ್ವನಿ ಮಾತ್ರ ಅಲ್ಲಲ್ಲಿ ತುಂಡಾದರೆ ಡ್ರೈವರ್ ಕಡೆ ನೋಡಬೇಕು. ಕೆಲವು ಡ್ರೈವರುಗಳು ಒಂದು ಕ್ಷಣ ಪ್ರೊಸೆಸರನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಇದು ಕಾಣುವುದಿಲ್ಲ. ‘ಲೇಟೆನ್ಸಿಮಾನ್’ ಎಂಬ ಪ್ರೋಗ್ರಾಂ ಹಾಡಿನ ಜತೆ ಹತ್ತು ನಿಮಿಷ ಓಡಿಸಿದರೆ ಹೆಚ್ಚು ತಡ ಮಾಡಿದ ಡ್ರೈವರಿನ ಹೆಸರು ತೋರಿಸುತ್ತದೆ. ವೈಫೈ ಡ್ರೈವರ್ ಇದರಲ್ಲಿ ಆಗಾಗ ಸಿಕ್ಕಿಬೀಳುತ್ತದೆ. ಅಂಥ ಡ್ರೈವರಿನ ಹೊಸ ಆವೃತ್ತಿಯನ್ನು ಕಂಪ್ಯೂಟರ್ ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ‘ನಿಮ್ಮ ಡ್ರೈವರ್ ಹಳತಾಗಿದೆ’ ಎಂದು ತೆರೆಯ ಮೇಲೆ ತಾನಾಗಿ ಬರುವ ಜಾಹೀರಾತುಗಳನ್ನು ಒತ್ತಬೇಡಿ.

ಡ್ರೈವರ್ ಮುಟ್ಟುವ ಮೊದಲು ಎರಡು ಸೆಟ್ಟಿಂಗ್ ಬದಲಿಸಿ ನೋಡಿ. ವಿಂಡೋಸ್ 7 ಮತ್ತು 10ರಲ್ಲಿ ಕಂಟ್ರೋಲ್ ಪ್ಯಾನೆಲಿನ ಸೌಂಡ್ ತೆರೆದು, ನಿಮ್ಮ ಸ್ಪೀಕರಿನ ಪ್ರಾಪರ್ಟೀಸಿಗೆ ಹೋಗಿ. ಎನ್‌ಹಾನ್ಸ್‌ಮೆಂಟ್ಸ್ ಪುಟವಿದ್ದರೆ ಅಲ್ಲಿರುವ ಎಲ್ಲವನ್ನೂ ನಿಲ್ಲಿಸುವ ಚೌಕಕ್ಕೆ ಗುರುತು ಹಾಕಿ. ಅಡ್ವಾನ್ಸ್ಡ್ ಪುಟದಲ್ಲಿ 16 ಬಿಟ್, 44100 ಹರ್ಟ್ಸ್ ಆಯ್ದುಕೊಳ್ಳಿ. ಕ್ಯಾಸೆಟಿನಿಂದ ಬಂದ ಧ್ವನಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ವಿಎಲ್‌ಸಿ ಪ್ಲೇಯರ್ ಬಳಸುವವರು ಟ್ಯಾಂಕಿಯನ್ನೇ ದೊಡ್ಡದು ಮಾಡಿಕೊಳ್ಳಬಹುದು. ಟೂಲ್ಸ್, ಪ್ರಿಫರೆನ್ಸಸ್ ತೆರೆದು ಕೆಳಗೆ ‘ಆಲ್’ ಆಯ್ದು, ಇನ್‌ಪುಟ್ ಮತ್ತು ಕೋಡೆಕ್ ಭಾಗದಲ್ಲಿ ‘ಫೈಲ್ ಕ್ಯಾಚಿಂಗ್’ ಎಂಬಲ್ಲಿ 1000 ಇದ್ದರೆ 3000 ಮಾಡಿ. ಇದು ಮಿಲಿಸೆಕೆಂಡಿನ ಲೆಕ್ಕ. ಹಾಡು ಶುರುವಾಗಲು ತುಸು ತಡವಾದೀತು, ಡಿಸ್ಕಿನ ಸಣ್ಣಪುಟ್ಟ ತಡವನ್ನು ಅದು ನುಂಗಿಕೊಳ್ಳುತ್ತದೆ. ಡ್ರೈವರಿನ ದೋಷಕ್ಕೆ ಇದರಿಂದ ಉಪಯೋಗವಿಲ್ಲ.

ಬ್ಲೂಟೂತ್ ಸ್ಪೀಕರ್

ಬ್ಲೂಟೂತ್ ಮತ್ತು ಹಳೆಯ ವೈಫೈ ಎರಡೂ 2.4 ಗಿಗಾಹರ್ಟ್ಸ್ ತರಂಗಗಳಲ್ಲೇ ನಡೆಯುತ್ತವೆ. ಒಂದಕ್ಕೊಂದು ಅಡ್ಡ ಬರುತ್ತವೆ. ಯುಎಸ್‌ಬಿ 3 ಕಿಂಡಿಗೆ ಹಾರ್ಡ್ ಡಿಸ್ಕ್ ಸಿಕ್ಕಿಸಿ, ಅದರ ಪಕ್ಕದಲ್ಲೇ ಬ್ಲೂಟೂತ್ ಗುಂಡಿ ಹಾಕಿದರೂ ಹೀಗಾಗುತ್ತದೆ. ಗುಂಡಿಯನ್ನು ದೂರದ ಕಿಂಡಿಗೆ ಹಾಕಿ ಅಥವಾ ಸಣ್ಣ ಎಕ್ಸ್‌ಟೆನ್ಷನ್ ವೈರಿನ ತುದಿಗೆ ಸಿಕ್ಕಿಸಿ. ಸ್ಪೀಕರಿಗೆ ವೈರ್ ಹಾಕುವ ಕಿಂಡಿ ಇದ್ದರೆ ವೈರೇ ಉತ್ತಮ.

ಇಂಟರ್ನೆಟ್ ಮೂಲಕ ಕೇಳುವಾಗ ಮಾತ್ರ ತುಂಡಾದರೆ

ಫೈಲು ಸರಿಯಾಗಿ ಕೇಳಿ, ಆಕಾಶವಾಣಿಯ ನೇರಪ್ರಸಾರವೋ ಯೂಟ್ಯೂಬಿನ ಯಕ್ಷಗಾನವೋ ಮಾತ್ರ ತುಂಡಾದರೆ ಅದೇ ವೈಫೈಯಲ್ಲಿ ಮೊಬೈಲಿನಿಂದ ಕೇಳಿ ನೋಡಿ. ಮೊಬೈಲಿನಲ್ಲೂ ತುಂಡಾದರೆ ಸಂಪರ್ಕ ನಿಧಾನವಾಗಿದೆ. ರೂಟರ್ ಹತ್ತಿರ ಕೂತು ಅಥವಾ ವೈರ್ ಹಾಕಿ ಪರೀಕ್ಷಿಸಿ. ಬರಿಯ ರೇಡಿಯೋ ಧ್ವನಿಗೆ ಬೇಕಾದ ವೇಗ ಬಹಳ ಕಡಿಮೆ, ವಿಡಿಯೋಗೆ ಅದರ ಹಲವು ಪಟ್ಟು ಬೇಕು.

ಮೊಬೈಲಿನಲ್ಲಿ ಸರಿಯಾಗಿದ್ದು ಕಂಪ್ಯೂಟರಿನಲ್ಲಿ ಮಾತ್ರ ತೊಂದರೆಯಾದರೆ ಚಿತ್ರವೇ ಭಾರವಾಗಿದೆ. ಯೂಟ್ಯೂಬ್ ಈಗ ಕಳುಹಿಸುವ ಹೊಸ ಮಾದರಿಯ ವಿಡಿಯೋವನ್ನು ಬಿಡಿಸುವ ಸೌಲಭ್ಯ ಹಳೆಯ ಗ್ರಾಫಿಕ್ಸ್ ಚಿಪ್ಪಿನಲ್ಲಿಲ್ಲ. ಪ್ರೊಸೆಸರೇ ಅಷ್ಟನ್ನೂ ಮಾಡಬೇಕು. ವಿಡಿಯೋ ಗುಣಮಟ್ಟವನ್ನು 360ಕ್ಕೆ ಅಥವಾ 240ಕ್ಕೆ ಇಳಿಸಿ. ‘ಎಚ್264ಐಫೈ’ ಎಂಬ ಬ್ರೌಸರ್ ಸೇರ್ಪಡೆ ಹಾಕಿದರೆ ಹಳೆಯ ಚಿಪ್ಪಿಗೆ ಒಗ್ಗುವ ಮಾದರಿಯನ್ನೇ ಯೂಟ್ಯೂಬಿನಿಂದ ತರಿಸಿಕೊಳ್ಳುತ್ತದೆ.

ವಿಂಡೋಸ್ ಬಿಟ್ಟು ನೋಡುವುದು

ಇಷ್ಟಾದರೂ ಕಾರಣ ಸಿಗದಿದ್ದರೆ ಒಂದು ನಿರ್ಣಾಯಕ ಪರೀಕ್ಷೆಯಿದೆ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಪೆನ್‌ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಕಂಪ್ಯೂಟರನ್ನು ಹಾಕಬಹುದು. ಕನಿಷ್ಠ 2 ಜಿಬಿ ಮೆಮೊರಿ ಬೇಕು, 4 ಇದ್ದರೆ ಅನುಕೂಲ. ಅದರಲ್ಲಿ ಅದೇ ಫೈಲು ಸ್ವಚ್ಛವಾಗಿ ಕೇಳಿದರೆ ಯಂತ್ರಭಾಗಗಳು ಬಹುಮಟ್ಟಿಗೆ ಸರಿಯಾಗಿವೆ, ದೋಷ ವಿಂಡೋಸಿನಲ್ಲೋ ಡ್ರೈವರಿನಲ್ಲೋ ಇದೆ. ‘ಇನ್‌ಸ್ಟಾಲ್’ ಎಂಬುದನ್ನು ಮಾತ್ರ ಒತ್ತಬೇಡಿ, ಡಿಸ್ಕಿನಲ್ಲಿರುವುದು ಅಳಿಸಿಹೋಗಬಹುದು.

ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೂ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೂ ಮುಗಿದಿದೆ. ಹಾಡು ಕೇಳಲು, ಮನೆಯ ರೆಕಾರ್ಡಿಂಗ್ ಇಡಲು ಮಾತ್ರ ಬಳಸುವ ಹಳೆಯ ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸದೆ ಇಡುವುದು ಒಳ್ಳೆಯದು. ಧ್ವನಿಗೂ ಅದರಿಂದ ಲಾಭ.

ದೋಷ ರೆಕಾರ್ಡಿಂಗಿನಲ್ಲೇ ಇದ್ದರೆ

ಮೊಬೈಲಿನಲ್ಲೂ ಅದೇ ಜಾಗದಲ್ಲಿ ತುಂಡಾಗುವ ಫೈಲು, ಬಹುಶಃ ಕ್ಯಾಸೆಟಿನಿಂದ ಏರಿಸುವ ದಿನವೇ ತುಂಡಾಗಿದೆ. ಆ ದಿನ ಕಂಪ್ಯೂಟರ್ ತಡ ಮಾಡಿತು, ಅಷ್ಟು ಮಾತು ಒಳಗೆ ಹೋಗಲೇ ಇಲ್ಲ. ಇದನ್ನು ಯಾವ ಪ್ರೋಗ್ರಾಮಿನಿಂದಲೂ ಮರಳಿ ತರಲಾಗದು. ಕ್ಯಾಸೆಟ್ ಉಳಿದಿದ್ದರೆ ಮಾತ್ರ ದಾರಿಯಿದೆ. ಏರಿಸಿ ಆಯಿತೆಂದು ಕ್ಯಾಸೆಟ್‌ಗಳನ್ನು ಎಸೆಯಬಾರದು ಎನ್ನುವುದು ಇದಕ್ಕೇ.

ಮತ್ತೆ ಏರಿಸುವಾಗ ಹೀಗೆ ಮಾಡಿ. ಕ್ಯಾಸೆಟಿನ ಕಿಟಕಿಯಲ್ಲಿ ಟೇಪಿನ ಸುರುಳಿ ನೋಡಿ. ಬೂಸ್ಟಿನ ಬಿಳಿ ಪುಡಿ ಕಂಡರೆ ಹಾಗೇ ಹಾಕಬೇಡಿ. ಪ್ಲೇಯರಿನ ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟಿಗೂ ಹರಡುತ್ತದೆ. ಅಂಥವನ್ನು ಬೇರೆ ತೆಗೆದಿಟ್ಟು ತಿಳಿದವರಿಗೆ ತೋರಿಸಿ. ಒಳ್ಳೆಯ ಕ್ಯಾಸೆಟನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿಕೊಳ್ಳಿ. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರಸಿ, ಒಣಗಲು ಬಿಡಿ. ಕಂಪ್ಯೂಟರಿನಲ್ಲಿ ವೈಫೈ, ಬ್ರೌಸರ್ ಎಲ್ಲ ನಿಲ್ಲಿಸಿ. ಪೆನ್‌ಡ್ರೈವಿಗೆ ನೇರವಾಗಿ ರೆಕಾರ್ಡ್ ಮಾಡದೆ ಒಳಗಿನ ಡಿಸ್ಕಿಗೇ ಮಾಡಿ. ‘ಆಡಾಸಿಟಿ’ ಎಂಬ ಉಚಿತ ಪ್ರೋಗ್ರಾಮಿನ ರೆಕಾರ್ಡಿಂಗ್ ಸೆಟ್ಟಿಂಗಿನಲ್ಲಿ ‘ಡ್ರಾಪೌಟ್’ ಗುರುತಿಸುವ ಆಯ್ಕೆಯಿದೆ. ಅದು ಇದ್ದರೆ ಎಲ್ಲೆಲ್ಲಿ ಧ್ವನಿ ತಪ್ಪಿತು ಎಂದು ಅಲ್ಲಲ್ಲೇ ಗುರುತು ಹಾಕುತ್ತದೆ. ಗುರುತು ಬಿದ್ದರೆ ಆ ಭಾಗವನ್ನು ಅಂದೇ ಮತ್ತೊಮ್ಮೆ ಏರಿಸಿ. ಮೊದಲ ಪ್ರತಿಯನ್ನು ವೇವ್ ಆಗಿಯೇ ಇಡಿ, ಹಂಚಲು ಎಂಪಿ3 ಮಾಡಿಕೊಳ್ಳಿ.

ಫೈಲಿನ ಹೆಸರಿನಲ್ಲಿ ಪ್ರಸಂಗ, ಸ್ಥಳ, ಗೊತ್ತಿದ್ದರೆ ವರ್ಷ, ಭಾಗವತರು, ಅರ್ಥಧಾರಿಗಳು ಇಷ್ಟು ಬರೆಯಿರಿ. ಕ್ಯಾಸೆಟಿನ ಮೇಲೆ ಬರೆದಿದ್ದ ಕೈಬರಹವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಜತೆಗಿಡಿ. ದನಿ ಗುರುತಿಸಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.

ಅಂಗಡಿಗೆ ಕೊಡುವುದಾದರೆ

ಐದು ಪರೀಕ್ಷೆಗಳ ಚೀಟಿಯನ್ನು ಜತೆಗೆ ಒಯ್ಯಿರಿ. ‘ಸೌಂಡ್ ಸರಿಯಿಲ್ಲ’ ಎಂದಷ್ಟೇ ಹೇಳಿದರೆ ಸುಲಭದ ದಾರಿ ಫಾರ್ಮ್ಯಾಟ್. ‘ವೈಫೈ ಆರಿಸಿದರೆ ಸರಿಯಾಗುತ್ತದೆ’ ಅಥವಾ ‘ಅರ್ಧ ಗಂಟೆಯ ಮೇಲೆ ಶುರುವಾಗುತ್ತದೆ’ ಎಂದು ಹೇಳಿದರೆ ಮೆಕ್ಯಾನಿಕ್ಕಿನ ಅರ್ಧ ಕೆಲಸ ಮುಗಿದಂತೆ. ಫಾರ್ಮ್ಯಾಟ್ ಬೇಡ ಎಂಬುದನ್ನು ಬಾಯಲ್ಲಿ ಹೇಳಿ, ಪೆಟ್ಟಿಗೆಯ ಮೇಲೂ ಚೀಟಿ ಅಂಟಿಸಿ. ನಮ್ಮ ಕಡೆಯ ಅಂಗಡಿಗಳಲ್ಲಿ ಮಲಯಾಳದಲ್ಲೂ ಒಂದು ಸಲ ‘ಫಾರ್ಮ್ಯಾಟ್ ಚೆಯ್ಯರುತ್’ ಎಂದು ಹೇಳಿಬಿಟ್ಟರೆ ಗೊಂದಲವಿಲ್ಲ.

ಒಂದು ನೋಟಕ್ಕೆ

• ಧ್ವನಿ ತುಂಡಾದರೆ ಮೊದಲು ಎರಡು ನಕಲು.
• ಅದೇ ಜಾಗ, ಮೊಬೈಲಿನಲ್ಲಿ ಸರಿ: ಹಾರ್ಡ್ ಡಿಸ್ಕ್.
• ಅದೇ ಜಾಗ, ಮೊಬೈಲಿನಲ್ಲೂ ತುಂಡು: ರೆಕಾರ್ಡಿಂಗ್. ಕ್ಯಾಸೆಟ್ ಹುಡುಕಿ.
• ಬೇರೆ ಬೇರೆ ಜಾಗ: ಮೆಮೊರಿ, ಪ್ರೊಸೆಸರ್, ಡ್ರೈವರ್.
• ಅರ್ಧ ಗಂಟೆಯ ಮೇಲೆ: ಧೂಳು, ಶಾಖ.
• ವೈಫೈ ಆರಿಸಿದರೆ ಸರಿ: ವೈಫೈ ಡ್ರೈವರ್, ಅಪ್‌ಡೇಟ್.
• ಸ್ಪೀಕರಿನಲ್ಲಿ ಮಾತ್ರ: ವೈರ್, ಪಿನ್, ಬ್ಲೂಟೂತ್.
• ಇಂಟರ್ನೆಟ್ಟಿನಲ್ಲಿ ಮಾತ್ರ: ಸಂಪರ್ಕ ಅಥವಾ ಭಾರದ ವಿಡಿಯೋ.

ಸಂಘದ ಕಾರ್ಯಕ್ರಮಗಳಲ್ಲಿ ಕೇಳಿಸಲು ಹಳೆಯ ಧ್ವನಿಮುದ್ರಣ ತರುವವರು ದಯವಿಟ್ಟು ಪೆನ್‌ಡ್ರೈವಿನಲ್ಲಿ ಪ್ರತಿಯನ್ನು ಮಾತ್ರ ತನ್ನಿ. ಮೂಲ ಫೈಲು, ಮೂಲ ಕ್ಯಾಸೆಟ್ ಮನೆಯಲ್ಲೇ ಇರಲಿ.